ಕೆಂಪು ಪಟ್ಟಿ ಬಿಚ್ಚಿಕೊಂಡದ್ದು

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಹೇಳುತ್ತಿದ್ದೆ, ನನ್ನ ಗೆಳತಿ ರಸಾಯನಶಾಸ್ತ್ರ. ತೊಂಬತ್ತರ ದಶಕದ ನಡುವಿನಲ್ಲಿ ಇಬ್ಬರೂ ಒಂದೇ ವಾರ ಕೆಲಸಕ್ಕೆ ಹಾಜರಾದವರು. ಅವಳು ಸಂಪಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ನಾನು ಕಟಕೋಳದಲ್ಲಿ ಹುಟ್ಟಿ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದವಳು. ಮೊದಲ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳು ನನ್ನ ಬುತ್ತಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ತನ್ನದನ್ನು ನನ್ನ ಕಡೆ ನೂಕಿದಳು. "ನನ್ನ ಅಡಗಿ ನನಗ ಬ್ಯಾಸರ ಬಂದೈತ್ರಿ. ನೀವು ತಿನ್ರಿ," ಅಂದಳು. ನನ್ನ ಹೆಸರನ್ನು ಇನ್ನೂ ಕೇಳಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ರೀ ಹೋಗಿ ನೀ ಬಂತು. ಡಬ್ಬಿ ಬದಲಾಗುವುದು ಮಾತ್ರ ಹಾಗೇ ನಡೆಯಿತು, ವರ್ಷಗಟ್ಟಲೆ.

ಅವಳಿಗೆ ಗುರೆಳ್ಳು ಹಿಂಡಿ ಎಂದರೆ ಪ್ರಾಣ. ಗುರೆಳ್ಳು ಅಂದರೆ ಹುಚ್ಚೆಳ್ಳು, ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಮೇಲೆ ಮೊಸರು ಹಾಕಿಕೊಂಡು ರೊಟ್ಟಿಗೆ ಹಚ್ಚಿ ತಿನ್ನುವುದು. ನನಗೆ ಗುರೆಳ್ಳಿನ ವಾಸನೆಯೇ ಆಗುವುದಿಲ್ಲ, ನಮ್ಮ ಮನೆಯವರೂ ಮುಟ್ಟುವುದಿಲ್ಲ. ಆದರೂ ಅವಳ ಸಲುವಾಗಿ ಹುರಿದು, ಕುಟ್ಟಿ, ಡಬ್ಬಿ ತುಂಬಿಡುತ್ತಿದ್ದೆ. ಇನ್ನೊಬ್ಬರಿಗೆ ಕಟ್ಟುವ ಬುತ್ತಿಯನ್ನು ಮೊದಲು ತಾನು ರುಚಿ ನೋಡಬಾರದು, ಎಂಜಲಾಗುತ್ತದೆ ಎಂಬುದು ನನ್ನ ತವರಿನ ರೂಢಿ. ಅವ್ವ ಹೊಲಕ್ಕೆ ಬುತ್ತಿ ಕಟ್ಟುವಾಗಲೂ ಹಾಗೇ, ಉಪ್ಪು ಖಾರ ಎಲ್ಲ ಕೈಯಂದಾಜು. ನಾನೂ ಅದನ್ನೇ ಕಲಿತವಳು. ಸಂಜೆ ನನ್ನ ಡಬ್ಬಿ ಬಳಿದಿಟ್ಟ ಹಾಗೆ ಖಾಲಿಯಾಗಿ ಬರುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ನನಗೆ ಹೊಟ್ಟೆಕಿಚ್ಚು ಹೆಚ್ಚು. ಇದನ್ನು ಮುಚ್ಚಿಟ್ಟು ಬರೆಯಲು ಹೋದರೆ ಈ ಬರಹದಲ್ಲಿ ಏನೂ ಉಳಿಯುವುದಿಲ್ಲ. ಚಿಕ್ಕವಳಿದ್ದಾಗ ತಮ್ಮ ಹುಟ್ಟಿದ ಮೇಲೆ ಅವ್ವನ ಮಗ್ಗುಲಲ್ಲಿ ಮಲಗಲು ಬಿಡಲಿಲ್ಲವೆಂದು ಅಟ್ಟದ ಮೇಲೆ ಹೋಗಿ ಕೂತಿದ್ದೆನಂತೆ. ಒಡವೆ, ಸೀರೆ, ಪಗಾರ ಇವಕ್ಕೆಲ್ಲ ನಾನು ಉರಿದುಕೊಂಡವಳಲ್ಲ. ನನ್ನವರು ಅಂತ ಒಮ್ಮೆ ಎಣಿಸಿದವರ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂತರೆ ಮಾತ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಗೆಳತಿ ನನ್ನವಳು. ಅವಳ ಪಕ್ಕದ ಜಾಗ ನನ್ನದು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪರೀಕ್ಷೆಯ ಪೇಪರು ತಿದ್ದಲು ಹೋದಲ್ಲಿ, ಎಲ್ಲ ಕಡೆ. ಹಾಗಂತ ಯಾರೂ ಬರೆದು ಕೊಟ್ಟಿರಲಿಲ್ಲ, ನಿಜ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಧಾರವಾಡದಲ್ಲಿ ಉಪನ್ಯಾಸಕರಿಗಾಗಿ ನಡೆದ ಒಂದು ತರಬೇತಿಗೆ ಇಬ್ಬರೂ ಹೋಗಿದ್ದೆವು. ಮಧ್ಯಾಹ್ನದ ಊಟವಾಗಿ ಎಲ್ಲರೂ ತೂಕಡಿಸುವ ಹೊತ್ತಿಗೆ, ಹೊರಗಿನಿಂದ ಬಂದ ಒಬ್ಬ ಪ್ರಾಧ್ಯಾಪಕರು ಡಿಎನ್‌ಎಯಿಂದ ಲೆಕ್ಕ ಮಾಡಿಸುವ ವಿದ್ಯೆಯ ಬಗ್ಗೆ ಹೇಳಿದರು. ಕಂಪ್ಯೂಟರಿನ ಒಳಗೆ ವಿದ್ಯುತ್ತು ಮಾಡುವ ಕೆಲಸವನ್ನು ಒಂದು ಹನಿ ನೀರಿನಲ್ಲಿ ತೇಲುವ ಡಿಎನ್‌ಎ ಎಳೆಗಳು ಮಾಡುತ್ತವಂತೆ. ನಾನು ಎಚ್ಚರಾಗಿ ಕೂತೆ. ಡಿಎನ್‌ಎ ನನ್ನ ವಿಷಯ. ಅದು ಹಾವು ಹೆಣೆದುಕೊಂಡ ಹಾಗೆ ಎರಡು ಎಳೆ, ಅದರಲ್ಲಿ ಎ ಅಕ್ಷರ ಟಿಯನ್ನು ಹಿಡಿಯುತ್ತದೆ, ಜಿ ಅಕ್ಷರ ಸಿಯನ್ನು ಹಿಡಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬೆರಳು ಸವೆದಿದ್ದವು. ಆದರೆ ಅದು ಲೆಕ್ಕ ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಆ ವಿದ್ಯೆಯ ಹೆಸರನ್ನು ನಾವಿಬ್ಬರು ಕನ್ನಡದಲ್ಲಿ 'ಎಳೆ ಪಲ್ಲಟ' ಎಂದು ಮಾಡಿಕೊಂಡೆವು. ವಿಷಯ ಇಷ್ಟೇ. ಒಂದು ಉದ್ದನೆಯ ಎಳೆ ಇದೆ. ಅದಕ್ಕೆ ಜೋಡಿಯಾಗಿ ಒಂದು ಗಿಡ್ಡನೆಯ ಎಳೆ ಹತ್ತಿಕೊಂಡಿದೆ. ಗಿಡ್ಡನೆಯದಾದ್ದರಿಂದ ಉದ್ದನೆಯದರ ತುದಿಯಲ್ಲಿ ಒಂದಿಷ್ಟು ಜಾಗ ಬರಿದಾಗಿ ಉಳಿದಿದೆ. ಈಗ ಮೂರನೆಯ ಎಳೆಯೊಂದು ತೇಲುತ್ತ ಬರುತ್ತದೆ. ಅದು ಉದ್ದನೆಯ ಎಳೆಗೆ ತುದಿಯಿಂದ ತುದಿಗೆ ಹೊಂದುವಂಥದ್ದು. ಬಂದದ್ದೇ ಆ ಬರಿದಾದ ತುದಿಯನ್ನು ಹಿಡಿಯುತ್ತದೆ. ಅಲ್ಲಿಂದ ಒಂದೊಂದೇ ಅಕ್ಷರ ಮುಂದೆ ಸರಿಯುತ್ತ ಹಳೆಯ ಎಳೆಯನ್ನು ಬಿಚ್ಚುತ್ತ ಹೋಗುತ್ತದೆ. ಕೊನೆಗೆ ಹಳೆಯದು ಪೂರ್ತಿ ಕಳಚಿ ನೀರಿಗೆ ಬೀಳುತ್ತದೆ. ಆ ಬರಿದಾದ ತುದಿಗೆ ನಾವು 'ಕಾಲೂರುವ ಜಾಗ' ಎಂದು ಹೆಸರಿಟ್ಟೆವು. ಹೆಸರಿಟ್ಟವಳು ಗೆಳತಿ, ಆದರೆ ಅದನ್ನು ಜನರಿಗೆ ತೋರಿಸುವ ಉಪಾಯ ಪೂರ್ತಿ ನನ್ನದು.

ಧಾರವಾಡದ ಮಾರ್ಕೆಟ್ಟಿನಲ್ಲಿ ಬಳೆ, ರಿಬ್ಬನ್ನು ಮಾರುವ ಅಂಗಡಿಯಲ್ಲಿ ಕುಬಸದ, ಅಂದರೆ ರವಿಕೆಯ, ಹುಕ್ಕುಗಳನ್ನು ರಟ್ಟಿಗೆ ಹಚ್ಚಿ ತೂಗುಹಾಕಿದ್ದರು. ಅದನ್ನು ನೋಡಿದ ಕೂಡಲೇ ನನಗೆ ಹೊಳೆಯಿತು. "ಹುಕ್ಕು! ಎ ಮತ್ತ ಟಿ ಹಿಡಕೊಳ್ಳೂದಕ್ಕ ಹುಕ್ಕು ಹಚ್ಚೂಣು," ಅಂದೆ. ಅವಳು ತಟ್ಟನೆ, "ಜಿ ಮತ್ತ ಸಿದು ಹಿಡತ ಗಟ್ಟಿ. ಅದಕ್ಕ ಟಿಚ್ ಬಟನ್," ಅಂದಳು. ಬೀದಿಯಲ್ಲಿ ನಿಂತು ಇಬ್ಬರೂ ನಕ್ಕೆವು. ಅಂಗಡಿಯವ, ಈ ಹೆಂಗಸರಿಗೆ ಏನಾಗಿದೆ ಎಂದು ನೋಡುತ್ತ ಕೂತ.

ಮನೆಯಲ್ಲಿ ಟ್ರಂಕಿನ ತುಂಬ ಖಣಗಳಿದ್ದವು. ನಮ್ಮ ಕಡೆ ಯಾವ ಮನೆಗೆ ಯಾವ ಕಾರ್ಯಕ್ಕೆ ಹೋದರೂ ಹೆಣ್ಣುಮಕ್ಕಳ ಉಡಿಯಲ್ಲಿ ಒಂದು ಕುಬಸದ ಖಣ ಹಾಕಿ ಕಳಿಸುತ್ತಾರೆ. ಹೊಲಿಸಿಕೊಳ್ಳುವುದು ಒಂದು, ಉಳಿಯುವುದು ಹತ್ತು. ಹಸಿರು ಖಣಗಳನ್ನು ಸೀಳಿ ಜೋಡಿಸಿ ಉದ್ದನೆಯ ಪಟ್ಟಿ ಮಾಡಿದೆ. ಕೆಂಪು ಖಣದ್ದು ಗಿಡ್ಡ ಪಟ್ಟಿ. ಹಳದಿಯದು ಮತ್ತೆ ಉದ್ದ. ಹಸಿರಿಗೆ ಹುಕ್ಕಿನ ಕಣ್ಣುಗಳನ್ನೂ ಬಟನ್ನಿನ ತಗ್ಗುಗಳನ್ನೂ ಹಚ್ಚಿದೆ, ಕೆಂಪು ಮತ್ತು ಹಳದಿಗೆ ಹುಕ್ಕುಗಳನ್ನೂ ಬಟನ್ನಿನ ಉಬ್ಬುಗಳನ್ನೂ ಹಚ್ಚಿದೆ. ಹೊಲಿದು ಮುಗಿಯುವಷ್ಟರಲ್ಲಿ ನನ್ನ ಕುತ್ತಿಗೆ ಸೆಟೆದುಕೊಂಡಿತ್ತು.

ಮೊದಲ ಉಪನ್ಯಾಸ ನಮ್ಮ ಕಾಲೇಜಿನಲ್ಲೇ ಆಯಿತು. ಹಸಿರು ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಗೆಳತಿ ಹಿಡಿದಳು. ಅದರ ಮೇಲೆ ಕೆಂಪು ಪಟ್ಟಿಯನ್ನು ಹುಕ್ಕು ಹಾಕಿ, ಅದರ ತುದಿಯನ್ನು ಹಿಡಿದು ನಾನು ಅವಳ ಪಕ್ಕ ನಿಂತೆ. ನಮ್ಮಿಬ್ಬರ ನಡುವೆ ಐದಾರು ಕಣ್ಣುಗಳು ಬರಿದಾಗಿದ್ದವು. ಹಳದಿ ಪಟ್ಟಿಯನ್ನು ಗೆಳತಿಯೇ ಇನ್ನೊಂದು ಕೈಯಿಂದ ತಂದು ಅಲ್ಲಿ ಸಿಕ್ಕಿಸಿದಳು. ಡಿಎನ್‌ಎ ಎಂದರೇನು ಎಂಬುದನ್ನು ನಾನು ಹೇಳಿದೆ. ಅವಳು ತನ್ನ ಉಪ್ಪಿನ ಮಾತು ಹೇಳಿದಳು. ಆ ಮಾತಿಗೆ ಅವಳು ಒಂದು ತಯಾರಿಯನ್ನೇ ಮಾಡಿಕೊಳ್ಳುತ್ತಿದ್ದಳು, ಸೆರಗು ಸರಿಮಾಡಿಕೊಂಡು, ಸ್ವಲ್ಪ ತಡೆದು:

"ನೋಡ್ರಿ, ಈ ಎಳಿಗೋಳು ಎರಡೂ ಒಂದ ನಮೂನಿ ವಿದ್ಯುತ್ತಿನವು. ಒಂದನ್ನ ಕಂಡ್ರ ಒಂದಕ್ಕ ಆಗೂದಿಲ್ಲ, ದೂರ ಸರೀತಾವ. ಬರೇ ನೀರಿನ್ಯಾಗ ಹಾಕಿದ್ರ ಜೋಡಿ ನಿಲ್ಲೂದ ಇಲ್ಲ. ನೀರಿಗೆ ಉಪ್ಪ ಹಾಕಬೇಕು. ಉಪ್ಪ ಇದ್ರ ಮಾತ್ರ ಒಂದರ ಬಾಜೂಕ ಒಂದು ಕುಂದರ್ತಾವ."

ಕೊನೆಯಲ್ಲಿ ಲೆಕ್ಕದ ಭಾಗ ನನ್ನದು. ಎರಡು ಎಳೆಗಳು ಬಂದರೆ ಮಾತ್ರ ಉತ್ತರ ಹೇಳುವ ಎಳೆ ಕಳಚುವ ಹಾಗೆ ಏರ್ಪಾಟು ಮಾಡಬಹುದು. ಮೊದಲನೆಯದು ಬಂದು ಬಿಚ್ಚಿದಾಗಲೇ ಎರಡನೆಯದಕ್ಕೆ ಕಾಲೂರುವ ಜಾಗ ಸಿಗುತ್ತದೆ. ಒಂದೇ ಬಂದರೆ ಏನೂ ಆಗದು. ಇದನ್ನು ನಾನು ಬ್ಯಾಂಕಿನ ಲಾಕರಿಗೆ ಹೋಲಿಸಿ ಹೇಳುತ್ತಿದ್ದೆ. ಮ್ಯಾನೇಜರರ ಚಾವಿಯೂ ಬೇಕು, ನಮ್ಮ ಚಾವಿಯೂ ಬೇಕು. ಚಲೋ ಹೋಲಿಕೆ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಸುದ್ದಿ ಹಬ್ಬಿ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜಿನವರೂ ಕರೆದರು. ನಾವಿಬ್ಬರೂ ಉಬ್ಬಿಹೋದೆವು. ಸಂಚಾರಕ್ಕೆ ಹೊರಟ ನಾಟಕ ಕಂಪನಿ ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು.

ಕಿತ್ತೂರಿನ ದಿನ ಗೊತ್ತಾದ ಮೇಲೆ ಕಟಕೋಳದಿಂದ ಫೋನು ಬಂತು. ತಮ್ಮನ ಹೆಂಡತಿಯ ಕುಬಸ, ಅದೇ ದಿನ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯಕ್ಕೆ ನಾವು ಕುಬಸ ಎನ್ನುತ್ತೇವೆ. ಮನೆಯ ಹಿರಿಮಗಳು ಇಲ್ಲದೆ ಅದು ನಡೆಯುವ ಹಾಗಿಲ್ಲ. ತಪ್ಪಿಸಿದರೆ ಹುಟ್ಟುವ ಕೂಸಿನ ಶೀತ ನೆಗಡಿಗೂ ನನ್ನ ಹೆಸರೇ ಹೇಳುತ್ತಾರೆ. ಗೆಳತಿ, "ಹೋಗಿ ಬಾ, ನಾ ಹೆಂಗರ ಮಾಡತೇನಿ," ಅಂದಳು. ಹೋದೆ. ಹಾಡು ಹೇಳಿದೆ, ಬಳೆ ಇಡಿಸಿದೆ, ಊಟಕ್ಕೆ ಕೂತೆ. ಹೋಳಿಗೆ ಮುರಿಯುತ್ತ, ಇಷ್ಟು ಹೊತ್ತಿಗೆ ಅಲ್ಲಿ ಉಪ್ಪಿನ ಮಾತು ಬಂದಿರಬೇಕು ಎಂದು ಗಡಿಯಾರ ನೋಡುತ್ತಿದ್ದೆ.

ಮರುದಿನ ಸ್ಟಾಫ್ ರೂಮಿಗೆ ಬಂದರೆ ಗೆಳತಿಯ ಮುಖ ಅರಳಿತ್ತು. ನಮ್ಮ ಕಾಲೇಜಿಗೆ ಆ ವರ್ಷ ಕಂಪ್ಯೂಟರ್ ಕಲಿಸಲು ಹೊಸದಾಗಿ ಬಂದಿದ್ದ ಒಬ್ಬಳನ್ನು, ಯರಗಟ್ಟಿಯ ಹುಡುಗಿ, ಕಿತ್ತೂರಿಗೆ ಜೊತೆಗೆ ಕರೆದುಕೊಂಡು ಹೋಗಿದ್ದಳು.

"ಹಳದಿ ಪಟ್ಟಿ ಇಕಿ ಕೈಯಾಗ ಕೊಟ್ಟೆ. ಕೆಂಪು ಪಟ್ಟಿ ಅಲ್ಲೀದ ಒಬ್ಬ ಹುಡುಗನ ಕೈಯಾಗ. ಏನ ಚಂದ ಆತು ಅಂತಿ! ಹಳದಿಗೂ ಒಬ್ಬರು ಬೇಕ ಬೇಕು ನೋಡು. ನಾವು ಸುಮ್ನ ಒದ್ದಾಡಿದ್ವಿ."

"ಊಟ ಎಲ್ಲಿ ಮಾಡಿದ್ರಿ?" ಅಂದೆ.

"ಬಸ್ಸಿನ್ಯಾಗ. ನನ್ನ ಡಬ್ಬಿ ಇಕಿಗೆ ಕೊಟ್ಟೆ, ಇಕೀದು ನಾ ತಿಂದೆ."

ಅವಳು ಅದನ್ನು ಬಸ್ಸಿನ ಟಿಕೆಟ್ಟಿನ ಮಾತು ಹೇಳಿದಷ್ಟು ಸಲೀಸಾಗಿ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಒಂದು ದಿನ ನಾನು ಇರಲಿಲ್ಲ. ಒಂದೇ ದಿನ, ಅದೂ ಇನ್ನೊಬ್ಬಳ ಉಡಿ ತುಂಬಲು ಹೋಗಿ. ಅಷ್ಟರಲ್ಲಿ ಡಬ್ಬಿ ಬದಲಾಗಿತ್ತು.

ಆ ಹುಡುಗಿ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಕೆಟ್ಟವಳಲ್ಲ. ನಗುಮುಖ, ಚುರುಕು, ಹಿರಿಯರು ಬಂದರೆ ಎದ್ದು ನಿಲ್ಲುವವಳು. ಗೆಳತಿಯನ್ನು 'ಅಕ್ಕಾರ' ಎನ್ನುತ್ತಿದ್ದಳು, ನನ್ನನ್ನು 'ಮೇಡಮ್‌ರ'. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದು ಮೇಡಮ್ ಅನ್ನಿಸಿಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ. ತಿಂಗಳೊಳಗೆ ಅವಳ ಕುರ್ಚಿ ಕಿಟಕಿಯ ಕಡೆಯಿಂದ ನಮ್ಮ ಟೇಬಲ್ಲಿಗೆ ಬಂತು. ಇನ್ನೂ ಸ್ವಲ್ಪ ದಿನಕ್ಕೆ ಗೆಳತಿಯ ಎಡಗಡೆಗೆ ಬಂತು. ಯಾರೂ ನನ್ನನ್ನು ನೂಕಲಿಲ್ಲ. ಡಿಎನ್‌ಎ ಎಳೆಗಳ ವಿಷಯದಲ್ಲಿಯೂ ನಾನು ಮಕ್ಕಳಿಗೆ ಇದನ್ನೇ ಹೇಳುತ್ತಿದ್ದೆ, ಅಲ್ಲಿ ಯಾರೂ ಯಾರನ್ನೂ ನೂಕುವುದಿಲ್ಲ, ನೀರಿನ ಅಲುಗಾಟದಲ್ಲಿ ಒಂದಿಷ್ಟು ಬಿಚ್ಚುತ್ತದೆ, ಬಿಚ್ಚಿದಲ್ಲಿ ಇನ್ನೊಂದು ಬಂದು ಕೂರುತ್ತದೆ. ಪಾಠ ಹೇಳುವಾಗ ಅದು ಎಷ್ಟು ಸೊಗಸಾಗಿ ಕೇಳಿಸುತ್ತಿತ್ತು.

ಮನೆಯಲ್ಲಿ ನಾನು ಪಾತ್ರೆ ಕುಕ್ಕುವುದನ್ನು ನೋಡಿ ನಮ್ಮ ಮನೆಯವರು, "ನೀ ಕಾಲೇಜಿಗೆ ಹೋಗತಿಯೋ, ಸವತಿ ಮನಿಗೆ ಹೋಗತಿಯೋ?" ಅಂದರು. ಅವರಿಗೆ ಆ ದಿನ ರಾತ್ರಿ ಬರೀ ಮಜ್ಜಿಗೆ ಅನ್ನ ಬಡಿಸಿದೆ.

ಸವದತ್ತಿಗೆ ಮೂವರೂ ಹೋದೆವು. ಹುಣ್ಣಿಮೆ ಹತ್ತಿರವಿತ್ತು, ಬಸ್ಸಿನ ತುಂಬ ಗುಡ್ಡದ ದೇವಿಯ ದರ್ಶನಕ್ಕೆ ಹೊರಟವರು, ಭಂಡಾರದ ಹಳದಿ ಎಲ್ಲರ ಮೈಮೇಲೆ. ಇಬ್ಬರ ಸೀಟೊಂದು ಸಿಕ್ಕಿತು. ಗೆಳತಿ ಒಳಗೆ ಸರಿದಳು, ನಾನು ಸೆರಗು ಸುತ್ತಿಕೊಳ್ಳುವಷ್ಟರಲ್ಲಿ ಆ ಹುಡುಗಿ ಕೂತಾಗಿತ್ತು. "ಮೇಡಮ್‌ರ, ನೀವು ಕುಂದರ್ರಿ," ಎಂದು ಎದ್ದಳು ಕೂಡ. "ಬ್ಯಾಡ, ಕುಂದರು," ಎಂದೆ. ಅಷ್ಟು ಬಿರುಸಾಗಿ ಹೇಳಬೇಕಾಗಿರಲಿಲ್ಲ. ಹಿಂದೆ ಒಬ್ಬ ಮುದುಕಿಯ ಪಕ್ಕ ಕೂತು, ಅವಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಎರಡು ತಲೆಗಳು ಒಂದಕ್ಕೊಂದು ವಾಲಿ ಮಾತಾಡುವುದನ್ನು ದಾರಿಯುದ್ದಕ್ಕೂ ನೋಡಿದೆ.

ವೇದಿಕೆಯ ಮೇಲೆ ಹಸಿರು ಪಟ್ಟಿ ಹಿಡಿದು ಗೆಳತಿ ನಿಂತಳು, ಕೆಂಪು ಹಿಡಿದು ನಾನು, ನಡುವೆ ಆ ಬರಿದಾದ ಜಾಗ. ಹಳದಿ ಹಿಡಿದು ಹುಡುಗಿ ಬಂದು ಸರಿಯಾಗಿ ನಮ್ಮಿಬ್ಬರ ನಡುವೆ ನಿಂತಳು. ಒಂದು ಹುಕ್ಕು ಹಾಕಿದಳು, ಎರಡು ಹಾಕಿದಳು. ನನ್ನದೊಂದು ಬಿಚ್ಚಿತು. ನಾನು ಅರ್ಧ ಹೆಜ್ಜೆ ಸರಿಯಬೇಕಾಯಿತು. ಮತ್ತೊಂದು. ಮತ್ತೆ ಸರಿದೆ. ಆಗ ನನ್ನ ಕೈ ಸುಮ್ಮನಿರಲಿಲ್ಲ. ಅವಳು ಹಾಕಿದ ಹುಕ್ಕನ್ನು ತೆಗೆದು ನನ್ನದನ್ನು ಹಾಕಿದೆ. ಅವಳು ನಕ್ಕು ನನ್ನದನ್ನು ತೆಗೆದಳು. ನಾನು ಟಿಚ್ ಬಟನ್ನನ್ನು ಟಕ್ಕೆಂದು ಒತ್ತಿದೆ. ಅವಳು ಕಿತ್ತಳು. ಹುಡುಗರು ಸಿಳ್ಳೆ ಹಾಕಿದರು. "ಹಾಕ್ರಿ ಮೇಡಮ್‌ರ, ಬಿಡಬ್ಯಾಡ್ರಿ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನನ್ನ ಹಣೆಯಲ್ಲಿ ಬೆವರು ಬಂತು. ಬಿಟ್ಟುಕೊಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ಗೆಳತಿಗೆ ಖುಷಿಯೋ ಖುಷಿ. "ಹಿಂಗ ಆಗ್ತೈತ್ರಿ ಖರೇನೂ!" ಎಂದು ಸಭೆಗೆ ಹೇಳಿದಳು. "ಎಳಿ ಸೀದಾ ಮುಂದ ಹೋಗೂದಿಲ್ಲ. ಒಂದು ಹೆಜ್ಜಿ ಮುಂದ, ಒಂದು ಹಿಂದ. ಹಳೇದು ಮತ್ತ ಮತ್ತ ಬಂದು ಹಿಡೀತೈತಿ. ಕಡೀಕ ಮಾತ್ರ ಹೊಸಾದ ಗೆಲ್ಲತೈತಿ, ಯಾಕಂದ್ರ ಅದಕ್ಕ ಹಿಡಕೊಳ್ಳಾಕ ಒಂದೀಟು ಜಾಗ ಜಾಸ್ತಿ ಐತಿ."

ಲೆಕ್ಕದ ಭಾಗ ಬಂದಾಗ ನಾನು ಗಂಟಲು ಸರಿಮಾಡಿಕೊಂಡೆ. ಗೆಳತಿ ನನ್ನ ಕಡೆ ನೋಡಲಿಲ್ಲ. "ಇದನ್ನ ಕಂಪ್ಯೂಟರ್ ಮೇಡಮ್ ಹೇಳ್ತಾರ," ಅಂದಳು. ಹುಡುಗಿ ಮುಂದೆ ಬಂದು, "ಹುಡುಗಿ ನೋಡಾಕ ಬಂದಾರ ಅಂತ ತಿಳಕೋರಿ. ಅಪ್ಪ ಹೂಂ ಅಂದ, ಅವ್ವ ಊಂಹೂಂ ಅಂದಳು. ಲಗ್ನ ಆಗ್ತೈತೇನು? ಇಬ್ಬರೂ ಹೂಂ ಅನಬೇಕು. ಈ ಎಳಿಗಳದೂ ಹಂಗ," ಅಂದಳು. ಸಭೆ ಹೋ ಎಂದು ನಕ್ಕಿತು. ನನ್ನ ಬ್ಯಾಂಕಿನ ಲಾಕರಿಗೆ ಯಾವತ್ತೂ ಯಾರೂ ನಕ್ಕಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಮಾತ್ರ ನಾನು ಹುಷಾರಾಗಿದ್ದೆ. ಗೆಳತಿ ಚೀಲದಿಂದ ಡಬ್ಬಿ ತೆಗೆದದ್ದೇ ತಡ, ಅದನ್ನು ನನ್ನ ಕಡೆ ಎಳೆದುಕೊಂಡು ಮುಚ್ಚಳ ತೆಗೆದೆ. ಬದನೆಕಾಯಿ ಇತ್ತು. ಅವಳು ನನ್ನ ಡಬ್ಬಿಯ ಹಿಂಡಿಯನ್ನು ಎಂದಿನಂತೆ ಬಳಿದು ತಿಂದಳು. ಆ ಹೊತ್ತಿಗೆ ನಾನು ಒಂದು ಹುಕ್ಕು ವಾಪಸು ಹಾಕಿದ್ದೆ.

ರಾಮದುರ್ಗದ ಉಪನ್ಯಾಸಕ್ಕೆ ಮುಂಚೆ ನಾನು ಹೊಸ ಕೆಂಪು ಪಟ್ಟಿ ಹೊಲಿದೆ. ಹಳೆಯದು ಸವದತ್ತಿಯ ಜಗ್ಗಾಟದಲ್ಲಿ ಹರಿದಿತ್ತು. ಕಟಕೋಳದ ಕುಬಸದಲ್ಲಿ ನನ್ನ ಉಡಿಗೆ ಬಂದ ಕೆಂಪು ಖಣ ಟ್ರಂಕಿನ ಮೇಲೇ ಇತ್ತು. ಅದನ್ನು ಸೀಳಿದೆ. ಇನ್ನೊಂದು ತುಂಡು ಜೋಡಿಸಿದೆ. ಕತ್ತರಿಸಬೇಕಾದ ಕಡೆ ಕತ್ತರಿಸಲಿಲ್ಲ. ತುದಿಯಿಂದ ತುದಿಗೆ, ಹಸಿರಿನಲ್ಲಿ ಎಷ್ಟು ಕಣ್ಣುಗಳಿದ್ದವೋ ಅಷ್ಟಕ್ಕೂ ಹುಕ್ಕು ಹಚ್ಚಿದೆ. ಮೂರನೆಯವರಿಗೆ ಕಾಲೂರಲು ಬೆರಳಿನಷ್ಟೂ ಜಾಗ ಉಳಿಯಲಿಲ್ಲ. ಮರೆತು ಮಾಡಿದ್ದಲ್ಲ. ಸೂಜಿಗೆ ದಾರ ಪೋಣಿಸುವಾಗಲೇ ಗೊತ್ತಿತ್ತು, ಹೊಲಿಯುವಾಗ ಖುಷಿಯೂ ಆಗುತ್ತಿತ್ತು. ಇವತ್ತು ಕೇಳಿದರೂ ಆ ಹೊಲಿಗೆ ಚೊಕ್ಕವಾಗಿತ್ತು ಎಂದೇ ಹೇಳುತ್ತೇನೆ.

ಹುಡುಗಿ ಹಿಂದಿನ ದಿನ ತನ್ನ ಊರಿಗೆ ಹೋಗಿದ್ದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ನಮ್ಮನ್ನು ಸೇರುವವಳಿದ್ದಳು. ರಾಮದುರ್ಗದ ಬಸ್ಸು ಬಂದು ನಿಲ್ಲುವ ಮೊದಲೇ ಗೆಳತಿ ಓಡಿ, ಕಿಟಕಿಯಿಂದ ತನ್ನ ಕರವಸ್ತ್ರವನ್ನು ಸೀಟಿನ ಮೇಲೆ ಒಗೆದಳು. ಹಾಗೆ ಅರಿವೆ ಹಾಕಿದ ಸೀಟಿಗೆ ನಮ್ಮ ಕಡೆ ಯಾರೂ ತಕರಾರು ತೆಗೆಯುವುದಿಲ್ಲ. ಇಷ್ಟು ವರ್ಷ ಆ ಕರವಸ್ತ್ರ ನನಗಾಗಿ ಬೀಳುತ್ತಿತ್ತು. ನಾನು ಹತ್ತಿ ಅದರ ಹತ್ತಿರ ಹೋದೆ. "ಅಲ್ಲಿ ಆಕಿ ಕುಂದರ್ತಾಳ. ಲೆಕ್ಕದ ಭಾಗ ದಾರ್ಯಾಗ ಒಮ್ಮೆ ನೋಡಬೇಕಂತ. ನೀ ಇಲ್ಲೇ ಮುಂದಿನ ಸೀಟಿಗೆ ಕುಂದ್ರು," ಅಂದಳು ಗೆಳತಿ. ನಾನು ಮುಂದಿನ ಸೀಟಿಗೆ ಕೂತೆ. ಮಡಿಲಲ್ಲಿದ್ದ ಚೀಲದಲ್ಲಿ ಆ ಕೆಂಪು ಪಟ್ಟಿ ಇತ್ತು. ಅದರ ಮೇಲೆ ಕೈ ಇಟ್ಟುಕೊಂಡೇ ರಾಮದುರ್ಗ ಮುಟ್ಟಿದೆ.

ಸಭಾಂಗಣದ ಹಿಂದಿನ ಓಣಿಯಲ್ಲಿ ಮಗ್ಗಗಳ ಸದ್ದು ಕೇಳುತ್ತಿತ್ತು. ಸಭೆ ತುಂಬಿತ್ತು. ನಾನು ಕೆಂಪನ್ನು ಹಸಿರಿನ ಮೇಲೆ ಒಂದೊಂದೇ ಹುಕ್ಕು ಹಾಕುತ್ತ ಬಂದು, ಕೊನೆಯ ಕಣ್ಣಿಗೂ ಹಾಕಿ, ಗೆಳತಿಯ ಭುಜಕ್ಕೆ ಭುಜ ತಾಗಿಸಿ ನಿಂತೆ. ಹುಡುಗಿ ಹಳದಿ ಹಿಡಿದು ಬಂದಳು. ನಡುವೆ ನಿಲ್ಲಲು ನೋಡಿದಳು. ಜಾಗವಿರಲಿಲ್ಲ. ಪಟ್ಟಿಯ ತುದಿ ಹಿಡಿದು ಕಣ್ಣು ಹುಡುಕಿದಳು. ಅದೂ ಇರಲಿಲ್ಲ. "ಅಕ್ಕಾರ..." ಅಂದಳು ಮೆಲ್ಲಗೆ. ಸಭೆ ಕಾಯಿತು.

ಗೆಳತಿ ಬಗ್ಗಿ ಪಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಪೂರ್ತಿ ಅರ್ಥವಾಯಿತು, ಹೊಲಿಗೆ ಬಲ್ಲವಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ಸಿಟ್ಟಾಗಲಿಲ್ಲ. ಸಭೆಯ ಕಡೆ ತಿರುಗಿದಳು.

"ಇದನ್ನೂ ನೋಡ್ರಿ. ನಮ್ಮ ಮೇಡಮ್ ಬೇಕಂತ ಪೂರಾ ಮುಚ್ಚಿ ತಂದಾರ. ಹಿಂಗ ಒಂದಕ್ಕೊಂದು ಪೂರಾ ಹತ್ತಿ ಕುಂತ್ರ ಏನ ಆಗ್ತೈತಿ? ಏನೂ ಆಗೂದಿಲ್ಲ. ಚಂದ ಕುಂತಿರ್ತಾವ, ಅಷ್ಟ. ನೀವು ಎಷ್ಟ ಎಳಿ ತಂದು ನೀರಿಗೆ ಹಾಕ್ರಿ, ಲೆಕ್ಕ ಮುಂದ ಹೋಗೂದಿಲ್ಲ."

ಹೇಳುತ್ತ ಹೇಳುತ್ತ, ತನ್ನ ಕೈಯಿಂದಲೇ, ನನ್ನ ಕೊನೆಯ ಹುಕ್ಕನ್ನು ಬಿಚ್ಚಿದಳು. ಅದರ ಪಕ್ಕದ್ದನ್ನೂ ಬಿಚ್ಚಿದಳು. ಆಮೇಲೆ ಟಿಚ್ ಬಟನ್ನು. ಐದಾರು ಕಣ್ಣು ಬರಿದು ಮಾಡಿ, ಹುಡುಗಿಗೆ, "ಹಾಕವ್ವಾ," ಅಂದಳು.

ಸವದತ್ತಿಯಲ್ಲಿ ಹುಡುಗಿ ಬಿಚ್ಚಿದ್ದಕ್ಕೆ ನಾನು ಉರಿದಿದ್ದೆ. ಆದರೆ ಆ ಐದಾರು ಹುಕ್ಕುಗಳನ್ನು ಗೆಳತಿ ಬಿಚ್ಚಿದ್ದು ನನಗೆ ನೆತ್ತಿಗೆ ಬಡಿಯಿತು. ಜಗ್ಗಾಡುವ ಶಕ್ತಿ ಹೋಯಿತು. ಹುಡುಗಿ ಹಾಕುತ್ತ ಬಂದಳು, ನಾನು ಸರಿಯುತ್ತ ಹೋದೆ. ಕಿಟಕಿಯ ಹತ್ತಿರ ಕೊನೆಯ ಹುಕ್ಕು ಕಳಚಿದಾಗ ಕೆಂಪು ಪಟ್ಟಿ ಪೂರ್ತಿ ನನ್ನ ಕೈಗೆ ಬಂತು. ಅದನ್ನು ಹಿಡಿದು ಗೋಡೆಗೆ ಆತು ನಿಂತೆ.

ಮುಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಮೇಡಮ್‌ರ, ಬಿಚ್ಚಿ ಬಂದ ಎಳಿ ಏನ ಮಾಡ್ತಾರ್ರಿ? ಹೊರಗ ಒಗೀತಾರೇನ್ರಿ?"

"ಒಗದ್ರ ಹೆಂಗವ್ವಾ," ಅಂದಳು ಗೆಳತಿ. "ಇಷ್ಟೆಲ್ಲಾ ಮಾಡಿದ್ದ ಅದರ ಸಲುವಾಗಿ. ಹತ್ತಿಕೊಂಡು ಕುಂತಿದ್ದಾಗ ಅದು ಏನೂ ಹೇಳ್ತಿರಲಿಲ್ಲ. ಬಿಚ್ಚಿ ಬಂದ ಮ್ಯಾಲೆ ಅದ ಉತ್ತರ. ಅದ ಮುಂದಿನ ಎಳಿಗೆ ಹೋಗಿ ಹಿಡೀತೈತಿ, ಅಲ್ಲಿ ಮತ್ತ ಲೆಕ್ಕ ಸುರು ಆಗ್ತೈತಿ." ಹೇಳುವಾಗ ಅವಳ ಕಣ್ಣು ನನ್ನ ಮೇಲಿತ್ತು. ಸಮಾಧಾನ ಮಾಡುತ್ತಿದ್ದಾಳೆ ಎಂದು ಗೊತ್ತಾಯಿತು. ನನಗೆ ಯಾರ ಲೆಕ್ಕದ ಉತ್ತರವೂ ಆಗುವುದು ಬೇಕಿರಲಿಲ್ಲ. ನನಗೆ ಹತ್ತಿಕೊಂಡು ಕೂತಿರುವುದು ಬೇಕಿತ್ತು.

ಸಭೆ ಮುಗಿದ ಮೇಲೆ ಹುಡುಗರು ಅವರಿಬ್ಬರನ್ನು ಮುತ್ತಿಕೊಂಡರು. ನಾನು ನನ್ನ ಚೀಲ ಎತ್ತಿಕೊಂಡು ಹೊರಗೆ ಬಂದು, ಕಾಲೇಜಿನ ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆ. ಹಸಿವೆಯಾಗಿತ್ತು, ಸಿಟ್ಟು ಬಂದಾಗ ನನಗೆ ಹಸಿವೆ ಜಾಸ್ತಿ. ಗೆಳತಿಯ ಡಬ್ಬಿ ಅವಳ ಚೀಲದಲ್ಲಿ, ಅವಳ ಜೊತೆ ಒಳಗಿತ್ತು. ನನ್ನ ಹತ್ತಿರ ನನ್ನದೇ ಇತ್ತು. ಕಾಲೇಜಿಗೆ ಸೇರಿದಾಗಿನಿಂದ ಮೊದಲ ಸಲ ನನ್ನ ಬುತ್ತಿಯನ್ನು ನಾನೇ ಬಿಚ್ಚಿದೆ. ಪಲ್ಯವನ್ನು ದಾರಿಯಲ್ಲಿ ಬಸ್ಸು ಕುಲುಕಿ ಚೆಲ್ಲಿತ್ತು. ಗುರೆಳ್ಳು ಹಿಂಡಿ ಮಾತ್ರ ಉಳಿದಿತ್ತು. ವಾಸನೆ ತಡೆದುಕೊಂಡು, ರೊಟ್ಟಿ ಮುರಿದು, ಮೊಸರಿನಲ್ಲಿ ಕಲಸಿ ಬಾಯಿಗಿಟ್ಟೆ.

ಉಪ್ಪೆಂದರೆ ಉಪ್ಪು. ನಾಲಿಗೆ ಮುದುಡಿಕೊಂಡಿತು. ಆ ದಿನ ಹೆಚ್ಚಾಗಿದೆಯೇನೋ ಎಂದು ಇನ್ನೊಂದು ತುತ್ತು ನೋಡಿದೆ. ಹೆಚ್ಚಾಗುವುದಕ್ಕೆ ಕಾರಣವೇ ಇರಲಿಲ್ಲ. ಅದೇ ಒರಳು, ಅದೇ ಹಿಡಿ, ಅದೇ ಕೈಯಂದಾಜು. ಪ್ರತಿ ಸಲವೂ ಹೀಗೇ ಇತ್ತು. ಇದನ್ನೇ ಅವಳು ದಿನಾ ಬಳಿದು ತಿಂದು, ನೀರು ಕುಡಿದು, ಡಬ್ಬಿ ಮುಚ್ಚಿ ನನ್ನ ಕೈಗೆ ಕೊಡುತ್ತಿದ್ದಳು.

ಅಷ್ಟರಲ್ಲಿ ಗೆಳತಿ ಬಂದಳು. "ನಂದ್ಯಾಕ ತಿಂದಿ? ನಾ ಏನ ತಿನ್ನಲಿ?" ಅಂದಳು. ತನ್ನ ಊಟ ಎಂಬ ಹಾಗೆ.

"ಬಾಯಾಗ ಇಡಾಕ ಆಗವಲ್ದು," ಅಂದೆ. "ಇಷ್ಟ ಉಪ್ಪ ಆಗೇತಿ. ಇಷ್ಟ ವರ್ಷ ಯಾಕ ಹೇಳಲಿಲ್ಲ?"

ಅವಳು ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ನನ್ನ ಕೈಯಲ್ಲಿದ್ದ ರೊಟ್ಟಿಯನ್ನೇ ತೆಗೆದುಕೊಂಡಳು. "ಮೊದಲ ದಿನಾನ ಹೇಳಿದ್ರ ನೀ ಮರುದಿನ ಮತ್ತ ಡಬ್ಬಿ ಕೊಡ್ತಿದ್ದಿಲ್ಲ. ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ಆಮ್ಯಾಲೆ ರೂಢಿ ಆತು. ಈಗ ಉಪ್ಪ ಕಡಿಮಿ ಇದ್ರ ನನಗ ಊಟ ಸೇರೂದಿಲ್ಲ." ಹೇಳಿ ಹಿಂಡಿ ಬಳಿದು ತಿನ್ನತೊಡಗಿದಳು.

ಹುಡುಗಿಯೂ ಓಡುತ್ತ ಬಂದಳು. "ಮೇಡಮ್‌ರ, ನನಗೂ ಒಂದೀಟು ಕೊಡ್ರಿ. ಅಕ್ಕಾರು ದಿನಾ ಹೊಗಳ್ತಾರ," ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಅಯ್ಯ, ಉಪ್ಪ ಭಾಳ ಆತಲ್ರಿ!" ಎಂದು ನೀರಿನ ಬಾಟಲಿ ಹುಡುಕಿದಳು. ಅವಳಿಗೆ ಹೇಳಲು ಒಂದು ಗಳಿಗೆಯೂ ಬೇಕಾಗಲಿಲ್ಲ. ನಾನು ಗೆಳತಿಯ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ, ತಿನ್ನುತ್ತಲೇ ಇದ್ದಳು.

ಬರುವಾಗ ಬಸ್ಸಿನಲ್ಲಿ ಅವರಿಬ್ಬರೇ ಜೊತೆಗೆ ಕೂತರು. ನಾನು ಹಿಂದೆ. ಯರಗಟ್ಟಿಯಲ್ಲಿ ಹುಡುಗಿ ಉಳಿದು, ನಾವು ಬಸ್ಸು ಬದಲಿಸಿದ ಮೇಲೂ ಗೆಳತಿಯ ಪಕ್ಕ ಬೇರೆ ಯಾರೋ ಬಂದು ಕೂತರು. ಉರಿ ಹೋಗಿತ್ತು ಎಂದು ನಾನು ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಆ ಕುರ್ಚಿ ಅವಳ ಎಡಗಡೆಗೇ ಉಳಿಯಿತು, ಲೆಕ್ಕದ ಭಾಗ ಹುಡುಗಿಯದೇ ಆಯಿತು, ಗೆಳತಿಯ ಡಬ್ಬಿ ವಾರಕ್ಕೆ ಎರಡು ಮೂರು ದಿನ ಆ ಕಡೆಗೇ ಹೋಗುತ್ತಿತ್ತು. ಆ ದಿನಗಳಲ್ಲಿ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಹಿಂಡಿಯನ್ನು ಮಾತ್ರ ಅಂದಿನಿಂದ ಎರಡು ಪಾಲು ಮಾಡಿ ಕುಟ್ಟುತ್ತೇನೆ, ಎರಡು ಡಬ್ಬಿ. ಹುಡುಗಿಯ ಪಾಲಿಗೆ ಚಮಚೆಯಲ್ಲಿ ಅಳೆದು ಉಪ್ಪು ಹಾಕುತ್ತೇನೆ, ವಾಸನೆ ಆಗದಿದ್ದರೂ ನಾಲಿಗೆಗೆ ಹಚ್ಚಿ ನೋಡುತ್ತೇನೆ, ಹೆಚ್ಚುಕಡಿಮೆ ಇದ್ದರೆ ಸರಿ ಮಾಡುತ್ತೇನೆ. ಗೆಳತಿಯ ಪಾಲಿಗೆ ಹಿಡಿಯಿಂದ ಹಾಕುತ್ತೇನೆ. ಅದನ್ನು ಇವತ್ತಿಗೂ ರುಚಿ ನೋಡಿಲ್ಲ.